ಹೆಗ್ಗಣ ಕೊಟ್ಟ ಬಡ್ಡಿ

ಸಂತೆಪೇಟೆಯ ಹೆಗ್ಗಣವೊಂದು ತನ್ನ ಬಿಲದಲ್ಲಿ ಠೇವಣಿ ಇಟ್ಟುಕೊಳ್ಳಲು ಶುರುಮಾಡಿತು. ಇಟ್ಟ ಕಾಳು ಮಳೆಗಾಲಕ್ಕೆ ವಾಪಸು, ಅಲ್ಲಿಯವರೆಗೆ ಹುಣ್ಣಿಮೆಗೊಮ್ಮೆ ಬಡ್ಡಿ. ಅಳಿಲು ಶೇಂಗಾ ಬೀಜ ಇಟ್ಟಿತು. ಕಾಗೆ ಅಂಗಡಿಯಿಂದ ಎಗರಿಸಿದ ಹುರಿಗಡಲೆ ಇಟ್ಟಿತು.

ಒಂದು ಹುಣ್ಣಿಮೆಯಂದು ಕಾಗೆ, ಬಡ್ಡಿಗೆ ಬಂದ ಶೇಂಗಾ ಬೀಜವೊಂದನ್ನು ಅಳಿಲಿನ ಮುಂದಿಟ್ಟು, "ನೋಡು, ಎಂಥ ಧರ್ಮಾತ್ಮ ನಮ್ಮ ಹೆಗ್ಗಣ!" ಎಂದಿತು.

ಅಳಿಲು ಬೀಜವನ್ನು ತಿರುಗಿಸಿ ನೋಡಿತು. ಕೂಡಿಡುವ ಬೀಜ ಮೊಳೆಯದಿರಲೆಂದು ಅದರ ತುದಿ ಕಚ್ಚಿ ತೆಗೆಯುವುದು ಅಳಿಲುಗಳ ಪದ್ಧತಿ. ಈ ಬೀಜಕ್ಕೂ ತುದಿ ಇರಲಿಲ್ಲ. ಆ ಪೇಟೆಯಲ್ಲಿ ಇದ್ದದ್ದು ಒಂದೇ ಅಳಿಲು.

"ಕಾಗಣ್ಣ, ಇದು ಬಡ್ಡಿಯಲ್ಲ. ನನ್ನ ಅಸಲು."

ಎರಡೂ ಓಡಿಹೋಗಿ ಬಿಲ ಇಣುಕಿದವು. ಹೆಗ್ಗಣವೂ ಇಲ್ಲ, ಕಾಳೂ ಇಲ್ಲ. ಹಿಂಬದಿಯಲ್ಲಿ ಹೊಸದಾಗಿ ತೋಡಿದ ಬಾಗಿಲೊಂದು ಮಾತ್ರ ತೆರೆದಿತ್ತು.

"ಅಯ್ಯೋ ಪಾಪ, ಇಷ್ಟು ದಿನ ನಿನ್ನ ಅಸಲನ್ನೇ ತಿಂದೆನಲ್ಲ!" ಎಂದು ಕಾಗೆ ಮರುಗಿತು. "ಅದಿರಲಿ, ನಿನಗೆ ಬಡ್ಡಿ ಅಂತ ಆ ಕಳ್ಳ ಏನು ಕೊಡುತ್ತಿದ್ದ?"

"ಹುರಿಗಡಲೆ," ಎಂದಿತು ಅಳಿಲು.