ವಜೀರನ ಹೊಸ ಹೆಸರು

ಇಸ್ಫಹಾನಿನ ಚದುರಂಗದ ಪೆಟ್ಟಿಗೆಯೊಂದರಲ್ಲಿ ಬಿಳಿಯರ ರಾಜನ ಕಿರೀಟದ ತುದಿ ಮುರಿದು, ರಾಜ್ಯ ಗಂಡಾಂತರಕ್ಕೆ ಸಿಲುಕಿತು. ವಜೀರ ಬಹಳ ದಿನದಿಂದ ಕಾದಿದ್ದ ಸಂದರ್ಭ ಇದು.

"ಆನೆ ಮಾವ, ನಮ್ಮ ಪ್ರಭುಗಳನ್ನು ಷಾ ಎನ್ನುತ್ತಾರಲ್ಲ, ಹಾಗೆಂದರೇನು?" ಎಂದು ಕೇಳಿದ.

"ಆಳುವವನು ಅಂತ. ನಮ್ಮ ಹಿಂದೂಸ್ತಾನದ ಕ್ಷತ್ರಿಯ ಎಂಬ ಮಾತಿಗೆ ದೂರದ ದಾಯಾದಿ," ಎಂದಿತು ಆನೆ. ಆಟದ ಜೊತೆಗೇ ಅದರ ವಂಶವೂ ಅಲ್ಲಿಂದ ಬಂದಿತ್ತು.

"ಹಾಗಾದರೆ ಬಿರುದು ನನಗೆ ಸೇರಬೇಕು. ನಾನು ಮಣೆಯ ಉದ್ದಗಲಕ್ಕೂ ಓಡುತ್ತೇನೆ. ಪ್ರಭುಗಳಿಗೆ ಒಂದು ಮನೆ ದಾಟುವಷ್ಟರಲ್ಲಿ ಸುಸ್ತು. ಇನ್ನು ಮುಂದೆ ನಾನು ವಜೀರ್ ಷಾ. ನನ್ನ ನಂತರದವರಿಗೂ ಅದೇ ಮನೆತನದ ಹೆಸರು."

"ಇಟ್ಟುಕೊಳ್ಳಪ್ಪ," ಎಂದ ರಾಜ. "ಕಿರೀಟ ಮುರಿದ ಮೇಲೆ ನನಗೂ ತಲೆ ಹಗುರಾಗಿದೆ."

ಆಟ ಶುರುವಾಯಿತು. ರಾಜನ ಮೇಲೆ ಬೀಳುವವರು ಮೊದಲು "ಷಾ" ಎಂದು ಕೂಗಿ ಎಚ್ಚರಿಸಬೇಕು. ಮಿಕ್ಕವರನ್ನು ಹೇಳದೆ ಕೇಳದೆ ಹೊಡೆಯಬಹುದು. ಎದುರಾಳಿಗಳ ಕಪ್ಪು ಒಂಟೆ ಓರೆಯಾಗಿ ನುಗ್ಗಿ ಬಂದು "ಷಾ" ಎಂದು ಕೂಗಿತು. ವಜೀರ ಗತ್ತಿನಿಂದ ತಲೆಯೆತ್ತಿದ. ಒಂಟೆ ಅವನತ್ತ ನೋಡಲೇ ಇಲ್ಲ. ಅದರ ಕಣ್ಣು ಮುರಿದ ಕಿರೀಟದ ಮೇಲಿತ್ತು. ಕಾಲಾಳುಗಳು, ಕುದುರೆಗಳು ಎಲ್ಲರೂ ತಮ್ಮ ಕೆಲಸ ಬಿಟ್ಟು ರಾಜನ ಕಡೆಗೇ ತಿರುಗಿದ್ದರು. ರಾಜ ಮಾತ್ರ ಅಲುಗದೆ ನಿಂತಿದ್ದ.

ಯಾರೂ ಹೇಳುವ ಮೊದಲೇ ವಜೀರ ಓಡಿಹೋಗಿ ಒಂಟೆಗೆ ಅಡ್ಡ ನಿಂತ.

"ನಿಮ್ಮ ಹೆಸರು ಹಿಡಿದು ಕೂಗಿದರು, ಪ್ರಭು."

"ನಿನ್ನದೂ ಅದೇ ಅಲ್ಲವೇನಪ್ಪ?"

"ನನ್ನದು ಬರೀ ಮನೆತನದ ಹೆಸರು."

ಒಂಟೆ ಹೇಳದೆ ಕೇಳದೆ ಅವನನ್ನು ಹೊಡೆಯಿತು. ಆನೆ ಒಂಟೆಯನ್ನು ಹೊಡೆಯಿತು. ವಜೀರ್ ಷಾನನ್ನು ಪೆಟ್ಟಿಗೆಗೆ ಹಾಕಿದರು. ಆಟ ನಿಲ್ಲಲಿಲ್ಲ; ಸಂಜೆಗೆ ಬಿಳಿಯರು ಗೆದ್ದರು.