ಸಾವಂತ್ರವ್ವ ಬಿಚ್ಚಿದ ನಡುಪಟ್ಟಿ

ಇಸವಿ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ ಕೆಂಪುಕಲ್ಲಿನ ಗುಡ್ಡದ ಕೆಳಗೆ ಒಂದು ಊರಿತ್ತಂತೆ, ಊರ ತುಂಬ ಮಗ್ಗಗಳಂತೆ. ಅಲ್ಲಿ ಸಾವಂತ್ರವ್ವ ಎಂಬ ನೇಕಾರ ಹೆಂಗಸು ಇದ್ದಳಂತೆ. ಅವಳು ನೆಯ್ದ ಬಟ್ಟೆಯಲ್ಲಿ ನೀರು ಹೊಯ್ದು ಕಟ್ಟಿದರೆ ಹನಿ ಸೋರುತ್ತಿರಲಿಲ್ಲವಂತೆ.

ಅವಳ ಗಂಡ ರಾಚಪ್ಪ. ಹೆಂಡತಿ ನೆಯ್ದದ್ದನ್ನು ಕುದುರೆಯ ಮೇಲೆ ಹೇರಿಕೊಂಡು ಸಂತೆ ಸಂತೆ ತಿರುಗಿ ಮಾರುತ್ತಿದ್ದ. ಒಂದು ವರ್ಷ ಸಮುದ್ರದಾಚೆ ದೊಡ್ಡ ಯುದ್ಧ ಹತ್ತಿತು. ದಂಡಿನ ಹೇಸರಗತ್ತೆ ನೋಡಿಕೊಳ್ಳಲು ಆಳು ಬೇಕೆಂದು ಡಂಗುರ ಸಾರಿದರು. ಕುದುರೆಯ ಗುಣ ಬಲ್ಲ ರಾಚಪ್ಪ ಹೆಸರು ಬರೆಸಿದ. ಎರಡು ದೀಪಾವಳಿ ಕಳೆದರೆ ಬಂದೇಬಿಡುತ್ತೇನೆ ಎಂದು ಹೋದನಂತೆ. ಎರಡಲ್ಲ, ನಾಲ್ಕು ಕಳೆದವು.

ಆಮೇಲೆ ಅವನ ಜೊತೆ ಹೋಗಿದ್ದ ಫಕೀರಸಾಬ ಒಬ್ಬನೇ ಬಂದ. ಚೀಲದಿಂದ ಒಂದು ನಡುಪಟ್ಟಿ ತೆಗೆದು ಸಾವಂತ್ರವ್ವನ ಮುಂದಿಟ್ಟ. ಒಣಹುಲ್ಲಿನ ಬಣ್ಣದ ದಪ್ಪ ನೂಲು, ಹತ್ತು ಜೇಬು, ಜೇಬಿಗೊಂದು ಹಿತ್ತಾಳೆ ಗುಂಡಿ, ಗುಂಡಿಯ ಮೇಲೆ ಹದ್ದು. ಅಮೇರಿಕದ ಸಿಪಾಯಿಗಳು ಬಂದೂಕಿನ ತೋಟಾ ತುಂಬಿ ನಡುವಿಗೆ ಬಿಗಿಯುವ ಪಟ್ಟಿಯಂತೆ ಅದು. ರಾಚಪ್ಪ ತನ್ನ ಕಂಬಳಿ ಕೊಟ್ಟು ಒಬ್ಬ ಸಿಪಾಯಿಯಿಂದ ಪಡೆದು ಕೆಲವು ದಿನ ತಾನೇ ಕಟ್ಟಿಕೊಂಡಿದ್ದನಂತೆ.

“ಆ ಥಂಡಿ ದೇಶದಾಗ ಕಂಬಳಿ ಕೊಟ್ಟನ, ಅಣ್ಣಾ?” ಎಂದಳು ಸಾವಂತ್ರವ್ವ.

“ನಾನೂ ಬೈದೆ, ತಂಗಿ. ಅವ ನಕ್ಕ. ‘ನೋಡೋ, ಒಂದ ಹೊಲಿಗಿ ಇಲ್ಲ, ಜೇಬ ಸುದ್ದಾ ಮಗ್ಗದಾಗ ನೇದಾರ. ಇದನ್ನ ನನ್ನ ಹೇಣ್ತಿಗೆ ಮುಟ್ಟಸು. ಬಿಚ್ಚಿ ನೋಡಿದರ ಆಕಿಗೆ ತಿಳೀತದ’ ಅಂದ.”

ಆಮೇಲೆ ರಾಚಪ್ಪನಿಗೆ ಜ್ವರ ಬಂತು, ದವಾಖಾನೆಗೆ ಒಯ್ದರು, ಫಕೀರಸಾಬನನ್ನು ಹಡಗು ಹತ್ತಿಸಿದರು. ಮುಂದಿನದು ಅವನಿಗೂ ಗೊತ್ತಿರಲಿಲ್ಲ. ಸತ್ತನೆಂಬ ಕಾಗದ ಬರಲಿಲ್ಲ, ಇದ್ದಾನೆಂಬ ಕಾಗದವೂ ಬರಲಿಲ್ಲ. ಸಾವಂತ್ರವ್ವ ಕುಂಕುಮ ಅಳಿಸಲಿಲ್ಲ.

ಪಟ್ಟಿಯನ್ನು ಅವಳು ಬಿಚ್ಚಲೂ ಇಲ್ಲ. ಅದರಲ್ಲಿ ಅವನ ಬೆವರಿನ ವಾಸನೆ ಇತ್ತಂತೆ. ಬಿಚ್ಚವ್ವಾ, ಗಂಡ ಹೇಳಿ ಕಳಿಸಿದ್ದಾನೆ ಎಂದು ಓಣಿಯವರು ಹೇಳಿದರು. ಅವಳು ದಿನಾ ಒಮ್ಮೆ ಮೂಗಿಗೆ ಹಿಡಿದು ಮತ್ತೆ ಪೆಟ್ಟಿಗೆಯಲ್ಲಿಡುತ್ತಿದ್ದಳು. ಹೀಗೆ ಮೂರು ವರ್ಷ. ಒಂದು ಬೆಳಿಗ್ಗೆ ಮೂಗಿಗೆ ಹಿಡಿದರೆ ಬರೀ ಹತ್ತಿಯ ವಾಸನೆ. ಅವತ್ತು ಸಾವಂತ್ರವ್ವ ಒಲೆ ಹಚ್ಚಲಿಲ್ಲ. ಸೂಜಿ ತಗೊಂಡು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಳು.

ದಿನಕ್ಕೊಂದು ಜೇಬು. ಎಳೆ ಬಿಡಿಸಿದಳು, ಎಣಿಸಿದಳು, ಸುತ್ತಿಟ್ಟಳು. ಮೂರನೆಯ ಜೇಬಿಗೆ ಗುಟ್ಟು ಸಿಕ್ಕಿತಂತೆ. ಎರಡು ಬಟ್ಟೆಗಳನ್ನು ಒಂದರ ಮೇಲೊಂದು ಒಟ್ಟಿಗೇ ನೆಯ್ದು, ಬೇಕಾದಲ್ಲಿ ಮಾತ್ರ ಕೂಡಿಸಿದ್ದರು.

“ತಿಳೀತರೀ!” ಎಂದು ಅವಳು ಬಾಗಿಲ ಕಡೆ ತಿರುಗಿದಳಂತೆ. ಬಾಗಿಲಲ್ಲಿ ಬಿಸಿಲಿತ್ತು, ಅಷ್ಟೇ.

ಉಳಿದ ಏಳು ಜೇಬುಗಳಿಗೆ ಅವಳು ಸೂಜಿ ಹಚ್ಚಲಿಲ್ಲ.

ಆಮೇಲೆ ಅವಳು ನೆಯ್ದ ಜೇಬಿನ ಪಟ್ಟಿಗಳು ಹೆಸರಾದವು. ಕುರುಬರು ಕಟ್ಟಿಕೊಂಡರು, ಟಪಾಲಿನವರು ಕಟ್ಟಿಕೊಂಡರು. ಕಲ್ಲು ತುಂಬಿ ಆನೆಯಿಂದ ಎಳೆಸಿದರೂ ಹರಿಯಲಿಲ್ಲವಂತೆ. ಆದರೆ ವರ್ಷಕ್ಕೊಂದು ಪಟ್ಟಿಯನ್ನು ಯಾರಿಗೂ ಕೊಡದೆ ಮಡಚಿಡುತ್ತಿದ್ದಳು. ಅದು ರಾಚಪ್ಪನದು. ಇಷ್ಟು ವರ್ಷದ ಮೇಲೂ ಅವನ ನಡುವಿನ ಅಳತೆ ಹೇಗೆ ನೆನಪಿದೆ ಎಂದು ನೆರೆಮನೆಯ ಹೆಂಗಸೊಬ್ಬಳು ಕೇಳಿದಳಂತೆ. ಸಾವಂತ್ರವ್ವ ಲಾಳಿ ಕೆಳಗಿಟ್ಟಳು. ಎರಡೂ ಕೈ ಚಾಚಿ ಗಾಳಿಯಲ್ಲಿ ಬಳಸಿ ತೋರಿಸಿದಳು. ಕೇಳಿದವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದುಹೋದಳಂತೆ.

ಸಾವಂತ್ರವ್ವನ ಕಾಲವೂ ಮುಗಿಯಿತು. ಆ ಊರಲ್ಲಿ ಈಗಲೂ ಯಾರಾದರೂ ದೂರದೇಶಕ್ಕೆ ಹೊರಟರೆ ಮನೆಯ ಹೆಂಗಸರು ಅವರ ನಡುವಿಗೆ ನೂಲು ಸುತ್ತಿ ಅಳತೆ ಹಿಡಿಯುತ್ತಾರೆ, ಆ ನೂಲನ್ನು ಮಗ್ಗದ ಕಂಬಕ್ಕೆ ಕಟ್ಟುತ್ತಾರೆ. ಬಂದವರಿಗೆ ಅದನ್ನೇ ಬಿಚ್ಚಿ ಮತ್ತೆ ಸುತ್ತಿ, ಸೊರಗಿದ್ದೀ, ಊಟ ಮಾಡಲಿಲ್ಲೇನು ಎಂದು ಗದರುತ್ತಾರೆ. ಬಾರದವರ ನೂಲನ್ನು ಯಾರೂ ಬಿಚ್ಚುವುದಿಲ್ಲ. ಲಾಳಿ ಓಡುವಾಗ ಕಂಬ ಅದುರುತ್ತದೆ, ಕಂಬದೊಂದಿಗೆ ಆ ನೂಲುಗಳೂ ಅದುರುತ್ತವೆ.