ದೋರ್ಕಸಮ್ಮ ಎತ್ತಿದ ವಚನದ ಚೀಟಿ

ಬೆಟಗೇರಿಯ ದೋರ್ಕಸಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇನ್ನೂ ತಡಮಾಡಿದರೆ ದೃಷ್ಟಿಯೇ ಹೋದೀತು, ಬೇಗ ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಆಕೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಅದಕ್ಕೊಂದು ಕಾರಣವಿತ್ತು. ಹೊಸವರ್ಷದ ಆರಾಧನೆ ಮುಗಿದ ಮೇಲೆ ಅಲ್ಲಿನ ಚರ್ಚಿನಲ್ಲಿ ಬೈಬಲ್ ವಚನದ ಚೀಟಿಗಳನ್ನು ತಟ್ಟೆಯಲ್ಲಿಡುತ್ತಾರೆ. ಒಬ್ಬೊಬ್ಬರೂ ಒಂದನ್ನು ಎತ್ತಿ, ಅದೇ ತಮಗೆ ಆ ವರ್ಷದ ವಾಗ್ದಾನ ಎಂದುಕೊಳ್ಳುತ್ತಾರೆ. ದೋರ್ಕಸಮ್ಮನಿಗೆ ಬಂದದ್ದು ಕುರುಡರ ಕಣ್ಣು ತೆರೆಯುವುದೆಂದು ಬೈಬಲಿನ ಪ್ರವಾದಿ ಯೆಶಾಯ ಮುನ್ನುಡಿದ ಮಾತು. ಸೊಸೆ ಓದಿ ಹೇಳಿದ್ದೇ ತಡ, ದೇವರೇ ತನ್ನ ಕಣ್ಣು ತೆರೆಯುತ್ತಾನೆಂದು ಮುದುಕಿಗೆ ಸ್ವರ್ಗ ಮೂರೇ ಗೇಣು.

ಸುದ್ದಿ ತಿಳಿದು ಚರ್ಚಿನ ಸಭಾಪಾಲಕ ಜ್ಞಾನಮಿತ್ರರು ಮನೆಗೆ ಬಂದರು.

"ಪ್ರವಾದಿ ಸುಳ್ಳ ಹೇಳತಾನೇನ್ರಿ ಅಯ್ಯನವರ? ನಾ ಯಾಕ ಕಣ್ಣು ಕೊಯ್ಸಿಕೊಳ್ಳಲಿ?" ಎಂದಳು ದೋರ್ಕಸಮ್ಮ.

"ನಿಮ್ಮ ಬಾಜೂಮನಿ ಯೋಬಣ್ಣಗೂ ಅದೇ ವಚನ ಬಂದೈತಿ. ಹದ್ದಿನ ಕಣ್ಣು ಅವಂದು. ಅವನ ಯಾವ ಕಣ್ಣು ತೆರೀಬೇಕವ್ವ?"

ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ದೋರ್ಕಸಮ್ಮ ನಗಲಿಲ್ಲ. "ಹಂಗಾರ ಪ್ರವಾದಿಗಳ ಮಾತೆಲ್ಲ ಪೊಳ್ಳೇನ್ರಿ?" ಎಂದಳು. ಕಣ್ಣು ಹೋಗುವುದಕ್ಕಿಂತ ಪ್ರವಾದಿಗಳ ಮೇಲಿನ ನಂಬಿಕೆ ಹೋದೀತೆಂಬ ಭಯವೇ ಅವಳಿಗೆ ದೊಡ್ಡದು.

"ಯೆಶಾಯ ತನ್ನ ಜನಕ್ಕ ಹೇಳಿದ್ದನ್ನ ನೀ ನಿನ್ನ ಹೆಸರಿಗೆ ಬರಕೊಂಡಿ. ತಪ್ಪು ನಿಂದು, ಅವಂದಲ್ಲ. ಇನ್ನೊಬ್ಬ ಪ್ರವಾದಿ ಮೀಕನ್ನ ನೋಡು. ಒಡೆಯ ಬೇತ್ಲೆಹೇಮಿನಿಂದ ಬರತಾನ ಅಂತ ನೂರಾರು ವರ್ಷ ಮೊದಲ ಊರ ಹೆಸರು ಹಿಡಿದು ಹೇಳಿದ. ನಮ್ಮ ಕರ್ತ ಸ್ವಾಮಿ ಅಲ್ಲೇ ಹುಟ್ಟಿದ. ಬ್ಯಾರೆ ಊರಾಗ ಹುಟ್ಟಿದ್ರ ಮೀಕನ ಮಾತು ಸುಳ್ಳ ಬೀಳತಿತ್ತು. ಹಂಗ ಖರೇನೋ ಸುಳ್ಳೋ ನೋಡಾಕ ಬರೂಹಂಗ ಹೇಳಿದ ಮಾತು ನಂಬು. ಚೀಟಿ ನಂಬಬ್ಯಾಡ."

ದೋರ್ಕಸಮ್ಮ ಚೀಟಿಯನ್ನು ಮಡಿಚಿ ಬೈಬಲಿನೊಳಗಿಟ್ಟಳು. ಆಮೇಲೆ ಸೊಸೆಗೆ, "ದವಾಖಾನಿಗೆ ಹೋಗೂಣು, ತಯಾರಾಗು" ಎಂದಳು.

ಆಪರೇಷನ್ ಚೆನ್ನಾಗಿ ಆಯಿತು. ಹೊಸ ಕನ್ನಡಕ ಬಂದಾಗ ಆಕೆ ಮೊದಲು ಓದಿದ್ದು ಬೈಬಲಿನಲ್ಲಿ ಮೀಕನ ಭಾಗವನ್ನೇ. ಮುಂದಿನ ಸಲ ಸಭಾಪಾಲಕರು ಬಂದಾಗ ಬಾಗಿಲಲ್ಲೇ ತಡೆದಳು.

"ಬೇತ್ಲೆಹೇಮಿನ ಮಾತು ಸಿಕ್ತು. ಆದ್ರ ಆ ಒಡೆಯನ ಕೈಕೆಳಗ ಜನ ನೆಮ್ಮದೀಲೆ ಇರತಾರ ಅಂತನೂ ಐತಲ್ರಿ. ಅದೆಲ್ಲೈತಿ?"

"ಅದು ಇನ್ನೂ ಪೂರಾ ಆಗಿಲ್ಲ ದೋರ್ಕಸವ್ವ. ಆಗದ್ದನ್ನ ಆಗೇತಿ ಅನ್ನಬಾರದು. ಕಾಯಬೇಕು."

"ಕಾಯೂಣಂತ, ಕೂಡ್ರಿ" ಎಂದು ದೋರ್ಕಸಮ್ಮ ನಗುತ್ತ ಚಹಾಕ್ಕೆ ನೀರಿಟ್ಟಳು.

ನೀತಿ: ಮೊದಲೇ ನುಡಿದು, ಸ್ಪಷ್ಟವಾಗಿ ನುಡಿದು, ಪರೀಕ್ಷೆಗೆ ನಿಲ್ಲುವ ಪ್ರವಾದನೆಯನ್ನು ನಂಬಬಹುದು. ನಮ್ಮ ಆಸೆಯನ್ನು ಪ್ರವಾದಿಯ ಬಾಯಲ್ಲಿಟ್ಟು, ಆಮೇಲೆ ಅವನನ್ನು ದೂರಬಾರದು.